ಹೇಳಿಕೊಳ್ಳುವ ಅಜ್ಜಿ, ಹೇಳದ ಅಜ್ಜ: ಮುಪ್ಪಿನ ಮನಸ್ಸಿನ ಲೆಕ್ಕ ಎಲ್ಲಿ ತಪ್ಪುತ್ತದೆ?

ಇಳಿವಯಸ್ಸಿನಲ್ಲಿ ಮನಸ್ಸು ಹೆಚ್ಚು ನರಳುವುದು ಯಾರದ್ದು, ಹೆಂಗಸರದ್ದೋ ಗಂಡಸರದ್ದೋ? ಸರ್ಕಾರದ ಕಡೆಯಿಂದಲೇ ಬರುವ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟರೆ ಓದುವವರಿಗೆ ಗೊಂದಲವೇ ಆಗುತ್ತದೆ. ಮುಪ್ಪಿನ ಬಗ್ಗೆ ದೇಶದಲ್ಲಿ ನಡೆದ ಅತಿ ದೊಡ್ಡ ಸಮೀಕ್ಷೆಯಾದ 'ಲಾಸಿ', ಖಿನ್ನತೆ ಹೆಂಗಸರಲ್ಲೇ ಹೆಚ್ಚು ಎನ್ನುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷಕ್ಕೊಮ್ಮೆ ಹೊರತರುವ ಆತ್ಮಹತ್ಯೆಯ ಅಂಕಿಅಂಶಗಳಲ್ಲಿ ಗಂಡಸರದ್ದೇ ಬಹುಪಾಲು. 2022ರಲ್ಲಿ ದಾಖಲಾದ 1,70,924 ಸಾವುಗಳಲ್ಲಿ ನೂರಕ್ಕೆ ಸುಮಾರು 72 ಗಂಡಸರವು. 60 ದಾಟಿದವರನ್ನಷ್ಟೇ ಎಣಿಸಿದರೂ ಗಂಡಸರೇ ಮುಂದಿದ್ದಾರೆ.

ಮೊದಲನೆಯ ಸುದ್ದಿ ಬಂದ ದಿನ ಅಜ್ಜಿಯರನ್ನು ಕೇಳುವವರಿಲ್ಲ ಎಂಬ ಚರ್ಚೆ ಏಳುತ್ತದೆ. ಎರಡನೆಯದು ಬಂದ ದಿನ ಗಂಡಸರ ಗೋಳು ಯಾರಿಗೂ ಬೇಡವಾಗಿದೆ ಎಂಬ ವಾದ. ಎರಡೂ ಅಂಕಿಗಳು ಸರಿಯಾದವೇ. ಆದರೆ ಒಂದು ವರದಿ ಬಾಯಿಬಿಟ್ಟು ಹೇಳಿದ ನೋವನ್ನು ಎಣಿಸುತ್ತದೆ, ಇನ್ನೊಂದು ಹೇಳದೆ ಉಳಿದ ನೋವಿನ ಕೊನೆಯನ್ನು ಎಣಿಸುತ್ತದೆ. ಈ ಎರಡರ ನಡುವೆ ಬಿಟ್ಟುಹೋದ ಜಾಗದಲ್ಲೇ ನಿಜವಾದ ವಿಷಯ ಇದೆ.

ಸಮೀಕ್ಷೆ ಕೇಳಿದ್ದೇನು?

ಲಾಸಿ ಎಂದರೆ 'ಲಾಂಗಿಟ್ಯೂಡಿನಲ್ ಏಜಿಂಗ್ ಸ್ಟಡಿ ಇನ್ ಇಂಡಿಯಾ'. ಅದೇ ಜನರನ್ನು ಕೆಲವು ವರ್ಷಗಳಿಗೊಮ್ಮೆ ಮತ್ತೆ ಮಾತನಾಡಿಸಿ, ವಯಸ್ಸಿನ ಜೊತೆ ಅವರ ದೇಹ, ದುಡ್ಡು, ಮನಸ್ಸು ಹೇಗೆ ಬದಲಾಗುತ್ತವೆ ಎಂದು ನೋಡುವುದು ಇದರ ಉದ್ದೇಶ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ 2017-18ರಲ್ಲಿ ಮೊದಲ ಸುತ್ತು ನಡೆಯಿತು. 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ವರದಿ ಬಂದದ್ದು 2021ರ ಜನವರಿಯಲ್ಲಿ.

60 ದಾಟಿದವರಲ್ಲಿ ನೂರಕ್ಕೆ 8.3 ಮಂದಿಗೆ ಚಿಕಿತ್ಸೆ ಬೇಕಾಗುವಂಥ ಖಿನ್ನತೆ ಇರಬಹುದು ಎಂದು ಪ್ರಶ್ನಾವಳಿ ತೋರಿಸಿತು. 'ನಿಮಗೆ ಖಿನ್ನತೆ ಇದೆ ಎಂದು ಯಾವುದಾದರೂ ವೈದ್ಯರು ಹೇಳಿದ್ದಾರೆಯೇ' ಎಂಬ ಪ್ರಶ್ನೆಗೆ ಹೌದು ಎಂದವರು ಮಾತ್ರ ನೂರಕ್ಕೆ 0.8. ಹತ್ತು ಪಟ್ಟು ಅಂತರ. ಹೆಂಗಸರು ಹೆಚ್ಚೋ ಗಂಡಸರು ಹೆಚ್ಚೋ ಎಂದು ಜಗಳಕ್ಕೆ ಇಳಿಯುವ ಮೊದಲು ಇದನ್ನು ನೋಡಬೇಕಿತ್ತು: ಇಬ್ಬರಲ್ಲೂ ಹತ್ತರಲ್ಲಿ ಒಂಬತ್ತು ಮಂದಿಯ ಕಾಯಿಲೆಗೆ ಇನ್ನೂ ಹೆಸರೇ ಸಿಕ್ಕಿಲ್ಲ. ಆದರೆ ಸುದ್ದಿಯಾದದ್ದು ಹೆಣ್ಣು-ಗಂಡಿನ ನಡುವಿನ ಅಂತರ, ಅದೂ ಹತ್ತು ಪಟ್ಟಿನದ್ದೇನಲ್ಲ.

ಅಂತರ ಇರುವುದಂತೂ ನಿಜ. ಹೆಂಗಸರಲ್ಲಿ, ಹಳ್ಳಿಗಳಲ್ಲಿ, ಸಂಗಾತಿಯನ್ನು ಕಳೆದುಕೊಂಡವರಲ್ಲಿ, ಒಂಟಿಯಾಗಿ ಬದುಕುವವರಲ್ಲಿ ಖಿನ್ನತೆ ಹೆಚ್ಚು. ಈ ನಾಲ್ಕೂ ಬೇರೆ ಬೇರೆ ಗುಂಪುಗಳಲ್ಲ ಎಂಬುದನ್ನು ಇಲ್ಲೇ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಬಹಳ ಸಲ ಈ ನಾಲ್ಕೂ ಒಬ್ಬಳೇ ಹೆಂಗಸಿನಲ್ಲಿ ಕೂಡಿರುತ್ತವೆ.

ಅಳತೆಗೋಲು ಯಾರ ಮಾತಿಗೆ ಕಿವಿಗೊಡುತ್ತದೆ?

ಖಿನ್ನತೆಗೆ ರಕ್ತಪರೀಕ್ಷೆ ಇಲ್ಲ. ಇರುವುದು ಪ್ರಶ್ನೆಗಳು. ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸಿಗೆ ಬೇಸರವಿತ್ತೇ, ಯಾವುದರಲ್ಲೂ ಆಸಕ್ತಿ ಇರಲಿಲ್ಲವೇ, ಸುಸ್ತೇ, ನಿದ್ದೆ ಬರುತ್ತಿರಲಿಲ್ಲವೇ, ಊಟ ಸೇರುತ್ತಿರಲಿಲ್ಲವೇ, ತಾನು ಯಾವುದಕ್ಕೂ ಬಾರದವಳು ಅನಿಸಿತ್ತೇ. ಇವಕ್ಕೆಲ್ಲ ಹೌದು ಎನ್ನಬೇಕಾದರೆ ಮೊದಲು ಅದನ್ನು ಒಪ್ಪಿಕೊಳ್ಳಬೇಕು, ಅದೂ ಮನೆಯ ಜಗಲಿಯಲ್ಲಿ ಕೂತ ಅಪರಿಚಿತರ ಎದುರು. 'ಮನಸ್ಸಿಗೆ ಬೇಜಾರಾಗಿದೆ ಕಣಮ್ಮ' ಎನ್ನಲು ಅಜ್ಜಿಗೆ ಅಡ್ಡಿಯಿಲ್ಲ. ಅಜ್ಜನಿಗೆ ಅದೇ ಪ್ರಶ್ನೆ ಹಾಕಿದರೆ 'ನನಗೇನಾಗಿದೆ?' ಎಂಬ ಮರುಪ್ರಶ್ನೆ ಬರುವ ಸಂಭವವೇ ಹೆಚ್ಚು. ಅವರ ಸಂಕಟ ಬೇರೆ ದಾರಿ ಹಿಡಿದಿರುತ್ತದೆ. ಮೂಗಿನ ತುದಿಯಲ್ಲೇ ಕೋಪ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ತಳ್ಳುವುದು, ಸಂಜೆಯ ಕುಡಿತ ಮಧ್ಯಾಹ್ನಕ್ಕೆ ಬರುವುದು, ಇಲ್ಲವೇ ಯಾರೊಂದಿಗೂ ಮಾತೇ ಆಡದಿರುವುದು. ಪ್ರಶ್ನಾವಳಿಯಲ್ಲಿ ಇವುಗಳಿಗೆ ಅಂಕವಿಲ್ಲ.

ಇದು ಬರೀ ಊಹೆಯಲ್ಲ. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದಲ್ಲಿ 1980ರ ದಶಕದಲ್ಲಿ ಖಿನ್ನತೆಯನ್ನು ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿಯನ್ನು ಅಲ್ಲಿನ ಎಲ್ಲ ಸಾಮಾನ್ಯ ವೈದ್ಯರಿಗೂ ಕೊಡಲಾಯಿತು. ದ್ವೀಪದಲ್ಲಿ ಆತ್ಮಹತ್ಯೆಗಳು ಕಡಿಮೆಯಾದವು. ಬಿಡಿಸಿ ನೋಡಿದಾಗ ಇಳಿದದ್ದು ಹೆಚ್ಚುಕಡಿಮೆ ಹೆಂಗಸರ ಸಾವು ಮಾತ್ರ, ಗಂಡಸರ ಸಂಖ್ಯೆ ಇದ್ದಲ್ಲೇ ಇತ್ತು. ವೈದ್ಯರು ಕಲಿತಿದ್ದ ಲಕ್ಷಣಗಳು ಹೆಂಗಸರು ಬಂದು ಹೇಳಿಕೊಳ್ಳುವ ಲಕ್ಷಣಗಳಾಗಿದ್ದವು. ಅಲ್ಲಿನ ಗಂಡಸರು ವೈದ್ಯರ ಬಳಿಗೆ ಹೋಗುವುದಕ್ಕಿಂತ ಕುಡಿತದ ಕಾರಣಕ್ಕೋ ಜಗಳದ ಕಾರಣಕ್ಕೋ ಪೊಲೀಸರ ಕೈಗೆ ಸಿಗುವುದೇ ಹೆಚ್ಚಾಗಿತ್ತು. ಈ ಅನುಭವದಿಂದಲೇ ಅಲ್ಲಿನ ಮನೋವೈದ್ಯ ವೂಲ್ಫ್‌ಗ್ಯಾಂಗ್ ರುಟ್ಸ್ ಮತ್ತು ಅವರ ಸಂಗಡಿಗರು ಸಿಡುಕು, ಕುಡಿತ, ದುಡುಕುಗಳನ್ನೂ ಎಣಿಸುವ ಬೇರೆ ಮಾಪಕವನ್ನು ರೂಪಿಸಿದರು.

ಹಾಗೆಂದು 'ಹೆಂಗಸರು ಹೇಳಿಕೊಳ್ಳುತ್ತಾರೆ, ಅದಕ್ಕೇ ಅಂಕಿ ಹೆಚ್ಚು, ಅಷ್ಟೇ' ಎಂದು ತಳ್ಳಿಹಾಕುವುದು ಇನ್ನೊಂದು ತಪ್ಪು. ಹೆಂಗಸರ ನೋವೂ ಪೂರ್ತಿಯಾಗಿ ದಾಖಲಾಗುವುದಿಲ್ಲ. ಅದು ಮೈಯ ಭಾಷೆಯಲ್ಲಿ ಬರುತ್ತದೆ. ಎದೆ ಹೊಡ್ಕೊಳ್ಳುತ್ತೆ, ಮೈಯೆಲ್ಲ ಉರಿ, ಕೈಕಾಲು ಸೆಳೆತ, ತಲೆ ಸುತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ನೋವಿನ ಮಾತ್ರೆಯೋ ವಿಟಮಿನ್ ಮಾತ್ರೆಯೋ ಸಿಗುತ್ತದೆ. ತಿಂಗಳು ಬಿಟ್ಟು ಅದೇ ದೂರು, ಅದೇ ಚೀಟಿ. ಹೀಗೆ ಅಜ್ಜಿ ಆಸ್ಪತ್ರೆಯವರೆಗೂ ಹೋಗಿ ಲೆಕ್ಕ ತಪ್ಪಿಸಿಕೊಂಡರೆ, ಅಜ್ಜ ಆಸ್ಪತ್ರೆಗೆ ಹೋಗದೆಯೇ ತಪ್ಪಿಸಿಕೊಳ್ಳುತ್ತಾನೆ.

ಹಾರ್ಮೋನಿನ ವಾದ

ಅಂತರಕ್ಕೆ ಕಾರಣ ದೇಹದಲ್ಲೇ ಇದೆ ಎನ್ನುವವರಿದ್ದಾರೆ. ಮುಟ್ಟು ನಿಲ್ಲುವ ಸಮಯದಲ್ಲಿ ಈಸ್ಟ್ರೋಜನ್ ಇಳಿಯುವುದು, ನಿದ್ದೆ ಕೆಡುವುದು, ಒತ್ತಡ ಬಂದಾಗ ಏರುವ ಕಾರ್ಟಿಸೋಲ್ ವಯಸ್ಸಾದ ಹೆಂಗಸರಲ್ಲಿ ಹೆಚ್ಚು ಏರುವುದು, ಇವೆಲ್ಲ ಇರುವಂಥವೇ. ಒತ್ತಡದಲ್ಲಿ ಹೋರಾಡು ಇಲ್ಲವೇ ಓಡು ಎಂಬ ಪ್ರಸಿದ್ಧ ಸೂತ್ರ ಬಹುಮಟ್ಟಿಗೆ ಗಂಡು ಜೀವಿಗಳ ಮೇಲಿನ ಪ್ರಯೋಗಗಳಿಂದ ಬಂದದ್ದು ಎಂದು 2000ದಲ್ಲಿ ಅಮೆರಿಕದ ಮನೋವಿಜ್ಞಾನಿ ಶೆಲಿ ಟೇಲರ್ ಅವರ ತಂಡ ತಕರಾರು ಎತ್ತಿತು. ಹೆಂಗಸರು ಒತ್ತಡದಲ್ಲಿ ಮಕ್ಕಳನ್ನು ಹತ್ತಿರ ಎಳೆದುಕೊಳ್ಳುತ್ತಾರೆ, ಗೆಳತಿಯರ ಆಸರೆ ಹುಡುಕುತ್ತಾರೆ ಎಂಬುದು ಅವರ ವಾದ.

ಆದರೆ ಹಾರ್ಮೋನು ಎಲ್ಲ ಕಡೆಯೂ ಒಂದೇ, ಅಂತರ ಎಲ್ಲ ಕಡೆಯೂ ಒಂದೇ ಅಲ್ಲ. ಲಾಸಿಯ ದತ್ತಾಂಶದಲ್ಲಿ ಓದು, ಆದಾಯ, ವೈಧವ್ಯ, ಕಾಯಿಲೆಗಳನ್ನು ಲೆಕ್ಕಕ್ಕೆ ತಂದುಕೊಂಡಾಗ ಹೆಣ್ಣು-ಗಂಡಿನ ನಡುವಿನ ಅಂತರ ಸಾಕಷ್ಟು ಕುಗ್ಗುತ್ತದೆ. ಅಂದರೆ ಹೆಣ್ಣಾಗಿ ಹುಟ್ಟಿದ್ದಕ್ಕಿಂತ ಹೆಣ್ಣಾಗಿ ಬದುಕಿದ ಎಪ್ಪತ್ತು ವರ್ಷಗಳೇ ಹೆಚ್ಚು ಭಾರ ಹಾಕಿವೆ.

ಗಂಡ ಹೋದ ಮೇಲೆ, ಹೆಂಡತಿ ಹೋದ ಮೇಲೆ

ಆ ಭಾರದಲ್ಲಿ ಮೊದಲನೆಯದು ವೈಧವ್ಯ. 60 ದಾಟಿದ ಭಾರತೀಯ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ವಿಧವೆಯರು. ಅದೇ ವಯಸ್ಸಿನ ಗಂಡಸರಲ್ಲಿ ಹೆಂಡತಿಯನ್ನು ಕಳೆದುಕೊಂಡವರು ಆರರಲ್ಲಿ ಒಬ್ಬರ ಆಸುಪಾಸು. ಕಾರಣ ಸರಳ ಲೆಕ್ಕ. ಮದುವೆಯಲ್ಲಿ ಗಂಡ ನಾಲ್ಕೈದು ವರ್ಷ, ಹಳೆಯ ತಲೆಮಾರಿನಲ್ಲಿ ಏಳೆಂಟು ವರ್ಷವೂ ದೊಡ್ಡವನು. ಆಯಸ್ಸೋ ಹೆಂಗಸಿಗೆ ಹೆಚ್ಚು. 2016-20ರ ಲೆಕ್ಕದಲ್ಲಿ ಭಾರತದ ಗಂಡಸಿನ ಸರಾಸರಿ ಆಯಸ್ಸು 68.6 ವರ್ಷ, ಹೆಂಗಸಿನದು 71.4. ವಯಸ್ಸಿನ ಅಂತರಕ್ಕೆ ಆಯಸ್ಸಿನ ಅಂತರ ಕೂಡಿದರೆ ಹಲವು ವರ್ಷಗಳ ಒಂಟಿ ಬದುಕು ಬಹುತೇಕ ಹೆಂಗಸರ ಹಣೆಯಲ್ಲಿ ಬರೆದಿಟ್ಟಂತೆಯೇ. ಇದರ ಜೊತೆ, ಹೆಂಡತಿ ಸತ್ತ ಗಂಡಸು ಮರುಮದುವೆಯಾದರೆ ಊರು ಒಪ್ಪುತ್ತದೆ, ಹೆಂಗಸಿಗೆ ಆ ದಾರಿ ಇರಲಿಲ್ಲ.

ವಿಧವೆಯಾದಾಗ ಹೆಂಗಸು ಕಳೆದುಕೊಳ್ಳುವುದು ಗಂಡನನ್ನಷ್ಟೇ ಅಲ್ಲ. ಶುಭಕಾರ್ಯಗಳಲ್ಲಿ ಹಿಂದಿನ ಸಾಲು, ಅರಿಶಿನ-ಕುಂಕುಮಕ್ಕೆ ಕರೆಯಿಲ್ಲದಿರುವುದು, ಅಡುಗೆಮನೆಯ ಯಜಮಾನಿಕೆ ಸೊಸೆಯ ಕೈಗೆ ಹೋಗುವುದು, ಕೈಯಲ್ಲಿ ಕಾಸಿಲ್ಲದಿರುವುದು, ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. 2011ರ ಜನಗಣತಿಯಲ್ಲಿ 60 ದಾಟಿದ ಗಂಡಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 59, ಹೆಂಗಸರಲ್ಲಿ 28. ಬ್ಯಾಂಕಿನ ಪಾಸ್‌ಪುಸ್ತಕ, ಪಹಣಿ, ಪಿಂಚಣಿ ಅರ್ಜಿ ಎಲ್ಲದಕ್ಕೂ ಇನ್ನೊಬ್ಬರ ಕಣ್ಣು ಬೇಕು. ಆ ಕಣ್ಣು ಇದುವರೆಗೆ ಗಂಡನದ್ದಾಗಿತ್ತು.

ಆದರೂ ಒಂದು ವಿಚಿತ್ರ ಇದೆ. ಸಂಗಾತಿ ಸತ್ತ ಮೊದಲ ತಿಂಗಳುಗಳಲ್ಲಿ ಉಳಿದವರ ಸಾವಿನ ಅಪಾಯವೂ ಏರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಆ ಏರಿಕೆ ಸಾಮಾನ್ಯವಾಗಿ ಗಂಡಸರಲ್ಲೇ ಹೆಚ್ಚು. ಹೆಂಗಸಿಗೆ ಗಂಡನ ಜೊತೆ ಹೋಗುವುದು ಸ್ಥಾನಮಾನ ಮತ್ತು ಆದಾಯ. ಗಂಡಸಿಗೆ ಹೆಂಡತಿಯ ಜೊತೆ ಹೋಗುವುದು ಹೊತ್ತಿಗೆ ಸರಿಯಾದ ಊಟ, ಬಿ.ಪಿ. ಮಾತ್ರೆಯ ನೆನಪು, ಮಕ್ಕಳೊಂದಿಗಿನ ಮಾತಿನ ಕೊಂಡಿ. ಅಪ್ಪನ ಹತ್ತಿರ ಮಾತನಾಡಬೇಕಾದದ್ದನ್ನೂ ಅಮ್ಮನ ಮೂಲಕವೇ ಮಾತನಾಡಿದ ಮಕ್ಕಳು, ಅಮ್ಮ ಇಲ್ಲದ ಮೇಲೆ ಫೋನ್ ಮಾಡಿ 'ಊಟ ಆಯ್ತಾ ಅಪ್ಪ' ಎಂದು ಕೇಳಿ ಮುಗಿಸುತ್ತಾರೆ. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಅಕ್ಕತಂಗಿಯರು, ನೆರೆಮನೆಯವರು, ಭಜನಾ ಮಂಡಳಿ, ಸ್ವಸಹಾಯ ಸಂಘದ ವಾರದ ಸಭೆ ಹೀಗೆ ಏನಾದರೊಂದು ಎಳೆ ಉಳಿದಿರುತ್ತದೆ. ಗಂಡಸಿನ ಎಳೆಗಳು ಒಂದೋ ಕೆಲಸದ ಜಾಗದಲ್ಲಿದ್ದವು, ಇಲ್ಲವೇ ಹೆಂಡತಿಯ ಕೈಯಲ್ಲಿದ್ದವು.

ಮುಗಿಯದ ಕೆಲಸ, ತಟಕ್ಕನೆ ಮುಗಿದ ಕೆಲಸ

ಕರ್ನಾಟಕದ ಸರ್ಕಾರಿ ನೌಕರ 60ಕ್ಕೆ ನಿವೃತ್ತ. ಬೀಳ್ಕೊಡುಗೆಯ ಹಾರ, ಶಾಲು ತೆಗೆದುಕೊಂಡು ಮನೆಗೆ ಬಂದ ಮರುದಿನ ಬೆಳಿಗ್ಗೆ ಹತ್ತಕ್ಕೆ ಹೋಗಲು ಜಾಗವಿಲ್ಲ. ಅವನ ಹೆಂಡತಿಗೆ ನಿವೃತ್ತಿಯ ತಾರೀಖೇ ಇಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಮಾಡುವ ಗಂಡಸರು 88 ನಿಮಿಷ. ಇದು ಎಲ್ಲ ವಯಸ್ಸಿನವರ ಸರಾಸರಿ, ಆದರೆ ಅರವತ್ತಾದ ಕೂಡಲೇ ಸೌಟು ಕೆಳಗಿಡುವ ಹೆಂಗಸರು ಎಷ್ಟು ಮಂದಿ ಇದ್ದಾರೆ? ಬದಲಿಗೆ ಮೊಮ್ಮಕ್ಕಳ ಆರೈಕೆ ಸೇರಿಕೊಳ್ಳುತ್ತದೆ, ಹಾಸಿಗೆ ಹಿಡಿದ ಗಂಡನ ಸೇವೆ ಸೇರಿಕೊಳ್ಳುತ್ತದೆ.

ಇದರಿಂದ ಎರಡು ಬಗೆಯ ಒತ್ತಡ ಹುಟ್ಟುತ್ತದೆ. ಹೆಂಗಸಿನದು ದಣಿವಿನ ಒತ್ತಡ, ನಿಧಾನವಾಗಿ ಮೈಗೇರುವಂಥದು. ಗಂಡಸಿನದು ಬೇಡವಾದೆನೆಂಬ ಒತ್ತಡ, ಒಮ್ಮೆಲೇ ಬಂದು ಬೀಳುವಂಥದು. ದಣಿವಿನಲ್ಲೂ ಒಂದು ಲಾಭವಿದೆ, ಅವಳನ್ನು ಬೇಕು ಎನ್ನುವವರಿದ್ದಾರೆ. ಬೆಂಗಳೂರಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಗಳ ಬಾಣಂತನಕ್ಕೆ ಮೊದಲು ಟಿಕೆಟ್ ಆಗುವುದು ಅಮ್ಮನಿಗೆ. ಅಪ್ಪ ಜೊತೆಗೆ ಹೋಗುತ್ತಾನೆ, ಅಥವಾ ಊರಲ್ಲಿ ಒಬ್ಬನೇ ಉಳಿಯುತ್ತಾನೆ.

ಒಬ್ಬರ ಒತ್ತಡ ಇನ್ನೊಬ್ಬರ ಮೇಲೆ ಬೀಳುವುದೂ ಉಂಟು. ಜಪಾನಿನ ವೈದ್ಯ ನೊಬುಒ ಕುರೊಕಾವಾ 1991ರಲ್ಲಿ 'ನಿವೃತ್ತ ಗಂಡನ ಕಾಯಿಲೆ' ಎಂಬ ಹೆಸರನ್ನೇ ಇಟ್ಟರು. ಕಾಯಿಲೆ ಗಂಡನದು, ನರಳುವವಳು ಹೆಂಡತಿ: ಗಂಡ ನಿವೃತ್ತನಾಗಿ ಮನೆ ಸೇರಿದ ಮೇಲೆ ಹೆಂಡತಿಗೆ ಹೊಟ್ಟೆಹುಣ್ಣು, ದದ್ದು, ರಕ್ತದೊತ್ತಡ. ನೆಲಕ್ಕೆ ಅಂಟಿಕೊಂಡು ಗುಡಿಸಿದರೂ ಹೋಗದ ಒದ್ದೆ ಎಲೆ ಎಂದು ಅಲ್ಲಿನ ಹೆಂಗಸರು ಅಂಥ ಗಂಡಂದಿರನ್ನು ಕರೆಯುತ್ತಾರಂತೆ. ನಮ್ಮಲ್ಲಿ ಇದಕ್ಕೆ ಹೆಸರಿಲ್ಲ, ಆದರೆ ಬೆಳಿಗ್ಗೆಯಿಂದ ಮೂರು ಸಲ ಕಾಫಿ ಕೇಳುವ ನಿವೃತ್ತರನ್ನು ಕಾಣದ ಬೀದಿಯೂ ಇಲ್ಲ.

ರೈತನಿಗೆ ನಿವೃತ್ತಿಯ ಹಾರ ಇರುವುದಿಲ್ಲ. ಅವನಿಗೆ ನಿವೃತ್ತಿ ಎಂದರೆ ಜಮೀನು ಪಾಲು ಮಾಡಿಕೊಡುವ ದಿನ.

ಪಾಲಾದ ಮೇಲೆ

ಗಂಡುಮಕ್ಕಳಿಗೆ ಹೊಲ ಹಂಚಿದ ಮೇಲೆ ಕೆಲವೆಡೆ ತಂದೆತಾಯಿಯನ್ನೂ ಹಂಚುತ್ತಾರೆ. ತಂದೆ ಹಿರಿಯನ ಮನೆಯಲ್ಲಿ, ತಾಯಿ ಕಿರಿಯನ ಮನೆಯಲ್ಲಿ. ಇಲ್ಲವೇ ತಿಂಗಳಿಗೊಂದು ಮನೆಯ ಸರದಿ. ನಲವತ್ತು ವರ್ಷ ಒಟ್ಟಿಗೆ ಬದುಕಿದವರು ಹಬ್ಬದ ದಿನ ಎದುರುಬದುರಾಗುತ್ತಾರೆ. ಇಂಥ ಮನೆಗಳಲ್ಲಿ ತಂದೆಯ ಕೈಯಲ್ಲಿ ಒಂದಿಷ್ಟು ಜಮೀನು ಉಳಿದಿದ್ದರೆ ಅಷ್ಟರಮಟ್ಟಿಗೆ ಮರ್ಯಾದೆಯೂ ಉಳಿದಿರುತ್ತದೆ. ತಾಯಿಯ ಹೆಸರಿನಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ.

ಯಾಕಿಲ್ಲ ಎಂಬುದಕ್ಕೆ ಕಾನೂನಿನ ಇತಿಹಾಸದಲ್ಲೂ ಉತ್ತರವಿದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ ಕೇಂದ್ರಕ್ಕಿಂತ ಮೊದಲೇ, 1994ರಲ್ಲಿ ಜಾರಿಗೆ ತಂದಿತು. ಹೆಮ್ಮೆಯ ಸಂಗತಿಯೇ. ಆದರೆ ಅದಕ್ಕೂ ಮುನ್ನ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು. ಇವತ್ತು ಎಪ್ಪತ್ತು ದಾಟಿದ ಬಹುತೇಕ ಎಲ್ಲ ಹೆಂಗಸರೂ ಆ ಹೊರಗಿಟ್ಟ ಗುಂಪಿನವರು. 2005ರ ಕೇಂದ್ರ ತಿದ್ದುಪಡಿ ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಪಾಲು ಮುಗಿದು ಪತ್ರವಾಗಿತ್ತು.

ಹೀಗಾಗಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯೂ ಇಬ್ಬರಿಗೂ ಒಂದೇ ರೀತಿ ಒದಗುವುದಿಲ್ಲ. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟ ಮಕ್ಕಳಿಂದ ಅದನ್ನು ವಾಪಸ್ ಪಡೆಯಲು ಅದರ 23ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಬರೆದುಕೊಡಲು ಏನಾದರೂ ಇದ್ದವರಿಗೆ ಅದು ಅಸ್ತ್ರ. ಏನೂ ಇಲ್ಲದ ತಾಯಿಗೆ ಉಳಿಯುವುದು ಜೀವನಾಂಶದ ಅರ್ಜಿ. ಮಗನ ವಿರುದ್ಧವೇ ಉಪವಿಭಾಗಾಧಿಕಾರಿಯ ಮುಂದೆ ನಿಲ್ಲಬೇಕು. ನಿಂತು ಗೆದ್ದ ಮೇಲೂ ಸಂಜೆ ಮರಳಬೇಕಾದದ್ದು ಅದೇ ಮಗನ ಮನೆಗೆ.

ಸರ್ಕಾರದ ಕೈ ಎಲ್ಲಿ ತಲುಪುತ್ತದೆ

ಪಿಂಚಣಿ ಮನಸ್ಸಿನ ಔಷಧಿಯೂ ಹೌದು ಎಂಬುದನ್ನು ನಮ್ಮ ಆಡಳಿತ ಇನ್ನೂ ಆ ದೃಷ್ಟಿಯಿಂದ ನೋಡಿಲ್ಲ. ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಯಲ್ಲಿ 60ರಿಂದ 79 ವಯಸ್ಸಿನವರಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. ಅದು 2007ರಿಂದ ಕದಲಿಲ್ಲ. ಕರ್ನಾಟಕ ತನ್ನ ಪಾಲು ಸೇರಿಸಿ ಕೊಡುತ್ತದೆ. 2021ರಲ್ಲಿ ಹಿರಿಯರಿಗೆ ರಾಜ್ಯವೇ ಕೊಡುವ ಸಂಧ್ಯಾ ಸುರಕ್ಷಾ 1,000ದಿಂದ 1,200ಕ್ಕೆ, ವಿಧವಾ ವೇತನ 600ರಿಂದ 800ಕ್ಕೆ ಏರಿತು. ಮೊತ್ತ ಸಣ್ಣದು, ಆದರೂ ಮೊಮ್ಮಗಳ ಕೈಗೆ ಹತ್ತು ರೂಪಾಯಿ ಇಡಬಲ್ಲ ಅಜ್ಜಿಗೂ ಇಡಲಾರದ ಅಜ್ಜಿಗೂ ಮನೆಯಲ್ಲಿ ಸಿಗುವ ಜಾಗ ಬೇರೆ.

ಮನಸ್ಸಿನ ಆರೋಗ್ಯ ಎಂಬ ಹೆಸರಿಲ್ಲದೆಯೇ ಅದಕ್ಕೆ ನೆರವಾಗಬಲ್ಲ ಯೋಜನೆ 2023ರ ಜೂನ್ 11ರಂದು ಶುರುವಾದ 'ಶಕ್ತಿ'. ಬಸ್ಸಿನ ದುಡ್ಡಿಗೆ ಮಗನ ಮುಖ ನೋಡಬೇಕಿದ್ದ ಹೆಂಗಸು ಈಗ ತಂಗಿಯ ಊರಿಗೆ, ಧರ್ಮಸ್ಥಳಕ್ಕೆ, ಜಾತ್ರೆಗೆ ತಾನೇ ಹೊರಡಬಹುದು. ಒಂಟಿತನ ಕಳೆಯಲು ಮೊದಲು ಬೇಕಾದದ್ದು ಹೊಸಲು ದಾಟುವ ಸ್ವಾತಂತ್ರ್ಯ. ಅದೇ ವಯಸ್ಸಿನ ಗಂಡಸಿಗೆ ಟಿಕೆಟ್ಟಿನಲ್ಲಿ ನಾಲ್ಕನೇ ಒಂದು ಭಾಗ ರಿಯಾಯಿತಿ ಇದೆ. ಆದರೆ ಅವನ ತೊಂದರೆ ಬಸ್ ಚಾರ್ಜಿನದಲ್ಲ, ಹೋದರೆ ಯಾರ ಮನೆಗೆ ಎಂಬುದು. ಅರಳಿಕಟ್ಟೆಯಲ್ಲಿ ಇಸ್ಪೀಟಿಗೂ ರಾಜಕೀಯಕ್ಕೂ ಜೊತೆಗಾರರಿದ್ದಾರೆ. ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ, ಅವಳ ನೆನಪಾಯಿತು ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ, ಕರೆಗೆ ದುಡ್ಡಿಲ್ಲ, ಹಗಲುರಾತ್ರಿ ತೆರೆದಿರುತ್ತದೆ. ಹಿರಿಯರಿಗಾಗಿಯೇ 14567 ಇದೆ. ಬದುಕು ಸಾಕೆನಿಸಿದವರಿಗೂ ಅವರನ್ನು ಕಂಡು ಕಂಗಾಲಾದ ಮನೆಯವರಿಗೂ ಇವು ಮೊದಲ ಬಾಗಿಲು. ಆದರೆ ಫೋನ್ ಎತ್ತುವುದೂ ಒಂದು ಬಗೆಯ ಒಪ್ಪಿಕೊಳ್ಳುವಿಕೆಯೇ. ಒಪ್ಪಿಕೊಳ್ಳದವರನ್ನು ತಲುಪಲು ಬಾಗಿಲಿಗೇ ಹೋಗಬೇಕು.

ಮುಂದಿನ ಇಪ್ಪತ್ತು ವರ್ಷ

2011ರಲ್ಲೇ ಕರ್ನಾಟಕದ ಜನರಲ್ಲಿ ನೂರಕ್ಕೆ 9.5 ಮಂದಿ 60 ದಾಟಿದವರು, ದೇಶದ ಸರಾಸರಿಗಿಂತ ಹೆಚ್ಚು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಹೆಂಗಸೊಬ್ಬಳಿಗೆ ಹುಟ್ಟುವ ಮಕ್ಕಳ ಸರಾಸರಿ 1.7. ಸರದಿಯ ಮೇಲೆ ನೋಡಿಕೊಳ್ಳಲು ಮೂರ್ನಾಲ್ಕು ಗಂಡುಮಕ್ಕಳಿರುವ ಮನೆಗಳು ಮುಗಿಯುತ್ತಾ ಬಂದಿವೆ. ಮುಂದೆ ಅಜ್ಜಿಯರಾಗುವವರು ಓದಿದವರು, ಹಲವರು ದುಡಿದವರು, ಖಾತೆಯಲ್ಲಿ ಹೆಸರಿರುವವರು. ಅವರ ಮಟ್ಟಿಗೆ ಬಡತನ ಮತ್ತು ಅವಲಂಬನೆಯಿಂದ ಬರುವ ಖಿನ್ನತೆ ಇಳಿಯಬಹುದು, ಒಂಟಿತನದ್ದು ಇಳಿಯುವ ಲಕ್ಷಣವಿಲ್ಲ. ಗಂಡಸರ ಸ್ಥಿತಿ ಸುಧಾರಿಸಲು ಅಂಥ ಕಾರಣವೂ ಕಾಣುತ್ತಿಲ್ಲ. ಓದು, ಸಂಬಳ ಅವರಿಗೆ ಮೊದಲೇ ಇತ್ತು, ಅದರಿಂದ ಬಾಯಿ ಬಿಟ್ಟು ಹೇಳುವ ಅಭ್ಯಾಸವೇನೂ ಬಂದಿಲ್ಲ. ಹಾಗಾಗಿ ಹೆಣ್ಣು-ಗಂಡಿನ ಅಂತರ ಕುಗ್ಗಿತೆಂಬ ಸುದ್ದಿ ಮುಂದೊಂದು ದಿನ ಬಂದರೆ, ಕುಗ್ಗಿದ್ದು ಯಾವ ಕಡೆಯಿಂದ ಎಂದು ಕೇಳಬೇಕಾಗುತ್ತದೆ.

ಮನೆ ಬಾಗಿಲಿಗೆ ಹೋಗುವ ವ್ಯವಸ್ಥೆ ಈಗಲೂ ಇದೆ. 30 ದಾಟಿದವರಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಕ್ಯಾನ್ಸರ್ ಹುಡುಕಲು ಆಶಾ ಕಾರ್ಯಕರ್ತೆಯರು ತುಂಬಿಸುವ ನಮೂನೆಯ ಕೊನೆಯಲ್ಲಿ ಮನಸ್ಸಿನ ಬಗ್ಗೆ ಎರಡು ಪ್ರಶ್ನೆಗಳಿವೆ: ಕಳೆದ ಎರಡು ವಾರದಲ್ಲಿ ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿತ್ತೇ, ಮನಸ್ಸು ಕುಗ್ಗಿ ಭರವಸೆ ಇಲ್ಲವೆನಿಸಿತ್ತೇ. ಅಂಕ ಹೆಚ್ಚಾದರೆ ವೈದ್ಯಾಧಿಕಾರಿಯ ಬಳಿ ಕಳುಹಿಸಬೇಕು. ದಿನವೂ ಕುಡಿಯುತ್ತೀರಾ ಎಂಬ ಪ್ರಶ್ನೆಯೂ ಅದೇ ಹಾಳೆಯಲ್ಲಿದೆ, ಆದರೆ ಮೇಲಿನ ಭಾಗದಲ್ಲಿ, ಸೊಂಟದ ಸುತ್ತಳತೆಯ ಜೊತೆ. ಅದರ ಅಂಕ ಸಕ್ಕರೆ ಕಾಯಿಲೆ, ಬಿ.ಪಿ.ಯಂಥವುಗಳ ಲೆಕ್ಕಕ್ಕೆ ಹೋಗುತ್ತದೆ, ಮನಸ್ಸಿನ ಲೆಕ್ಕಕ್ಕೆ ಬರುವುದಿಲ್ಲ. ಎರಡನ್ನೂ ಜೋಡಿಸಿ ಓದುವಂತೆ ಆಶಾಗೆ ಹೇಳಿಕೊಡಲು ಹೊಸ ಯೋಜನೆ ಬೇಕಿಲ್ಲ, ಹೊಸ ನಮೂನೆಯೂ ಬೇಕಿಲ್ಲ. ಬೇಕಿರುವುದು ಅಜ್ಜನೊಬ್ಬನನ್ನೇ ಪಕ್ಕಕ್ಕೆ ಕರೆದು ಕೇಳುವ ಹತ್ತು ನಿಮಿಷ. ಈಗ ಆ ಎರಡು ಪ್ರಶ್ನೆಗಳಿಗೆ ಅವನ ಪರವಾಗಿ ಒಳಗಿನಿಂದ ಹೆಂಡತಿಯೋ ಸೊಸೆಯೋ ಉತ್ತರ ಹೇಳಿಬಿಟ್ಟರೆ, ಆಶಾ ಮುಂದಿನ ಮನೆಗೆ ಹೋಗಬೇಕಾಗುತ್ತದೆ.